ನೀರಿನ ದರದ ಕಾಗದ ಬಂತು, ಸಭೆಗೆ ಬಂದವರು 9 ಜನ

ಮರಳದಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯ ಒಂದು ಚಿಕ್ಕ ಊರಲ್ಲಿ. ಹೆಸರು ಬೇಡ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬಂದು 7 ವರ್ಷ ಆಯಿತು. ಊರಿಗೆ ಮೇಯರ್ ಇಲ್ಲ, ನಗರಸಭೆಯೂ ಇಲ್ಲ. ರಸ್ತೆ, ಪೊಲೀಸ್, ಮನೆ ಕಟ್ಟುವ ಪರವಾನಗಿ ಎಲ್ಲಾ ಕೌಂಟಿಯದು, ಅಂದರೆ ನಮ್ಮ ಕಡೆಯ ಜಿಲ್ಲಾಡಳಿತದಂಥದು. ಅದರ ಕಚೇರಿ ಬೆಟ್ಟದ ಆಚೆ, ಕಾರಿನಲ್ಲಿ ಒಂದೂವರೆ ಗಂಟೆ. ಶಾಲೆಯ ಮಂಡಳಿ ಬಿಟ್ಟರೆ ಊರಿನವರೇ ವೋಟು ಹಾಕಿ ಆರಿಸುವುದು ಒಂದನ್ನೇ, ನೀರಿನ ಮಂಡಳಿಯನ್ನು. ಐದು ಕುರ್ಚಿ. ನಮ್ಮ ಪಾಲಿಗೆ ಸರ್ಕಾರ ಅಂದರೆ ಅದೇ.

ಹೋದ ತಿಂಗಳು ಅವರ ಕಾಗದ ಬಂತು. ಅಂಗಡಿಗಳ ಜಾಹೀರಾತಿನ ಕಟ್ಟಿನ ಮಧ್ಯೆ ತೆಳ್ಳಗಿನ ಒಂದು ಲಕೋಟೆ. ದರ ಏರಿಸುತ್ತೇವೆ, ಆಕ್ಷೇಪ ಇದ್ದವರು ಬರೆದು ಕೊಡಿ, ಇಂಥ ದಿನ ಅಹವಾಲು ಸಭೆ ಅಂತ. ಎಷ್ಟು ಮನೆಯಲ್ಲಿ ಅದು ಸೀದಾ ಕಸದ ಬುಟ್ಟಿಗೆ ಹೋಯಿತೋ ಏನೋ. ಅದಕ್ಕೆ ಮೊದಲು ಅವರೇ ವಿವರಣೆ ಕೊಡುವ ಒಂದು ಸಭೆ ಇಟ್ಟಿದ್ದರು. ಮಂಗಳವಾರ ಬೆಳಿಗ್ಗೆ 9ಕ್ಕೆ. ಬಂದವರು 9 ಜನ, ನನ್ನನ್ನೂ ಸೇರಿಸಿ. ಖಾಲಿ ಕುರ್ಚಿಗಳು ಮೂರು ಸಾಲು.

ನನ್ನ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. 80 ದಾಟಿದೆ, ಒಬ್ಬರೇ ಇರುವುದು. ಬರಗಾಲದ ವರ್ಷಗಳಲ್ಲಿ ನೀರು ಉಳಿಸಿ ಅಂದಾಗ ಮನೆ ಮುಂದಿನ ಹುಲ್ಲನ್ನು ಕೀಳಿಸಿ ಜಲ್ಲಿಕಲ್ಲು ಹಾಕಿಸಿದರು. ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲು ತಣ್ಣೀರು ಬರುತ್ತದಲ್ಲ, ಅದನ್ನೂ ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಾರೆ. ಬಕೆಟ್ ಎತ್ತಲು ಆಗುವುದಿಲ್ಲ ಅಂತ ಈಗ ಚೊಂಬಿನಷ್ಟರ ಪಾತ್ರೆಯಲ್ಲಿ ಏಳೆಂಟು ಸಲ ಓಡಾಡುತ್ತಾರೆ. ಹಳೆಯ ಬಿಲ್ಲುಗಳನ್ನೆಲ್ಲ ಬೂಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಮೇಜಿನ ಮೇಲೆ ಹರಡಿ ತೋರಿಸಿದರು. ನೀರು ಅರ್ಧಕ್ಕೆ ಇಳಿದಿದೆ, ಬಿಲ್ಲು ಮಾತ್ರ ಏರಿದೆ. "ಅವರು ಹೇಳಿದ ಹಾಗೆಲ್ಲ ನಾನು ಕೇಳಿದೆ, ಮತ್ತೆ ನನಗೇ ಯಾಕೆ ಜಾಸ್ತಿ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ.

ಅವರು ಆಕ್ಷೇಪವನ್ನು ಇಮೇಲ್‌ನಲ್ಲಿ ಕಳಿಸಿದ್ದರು. ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಮಂಡಳಿಯ ಕಚೇರಿಯ ಕಿಟಕಿಯಲ್ಲಿ ಹೇಳಿದರಂತೆ. ಯಾಕೆ, ಹೇಗೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಸಭೆಯಲ್ಲಿ ನನಗೆ ಮೂರು ನಿಮಿಷ ಸಿಕ್ಕಿತು. ಎದ್ದು ನಿಂತೆ, ಗಂಟಲು ಒಣಗಿತು, ಹೇಳಬೇಕಾದ್ದು ಅರ್ಧವೂ ಆಗಲಿಲ್ಲ.

ಉಳಿಸಿದವರಿಗೇ ಯಾಕೆ ಪೆಟ್ಟು ಬೀಳುತ್ತದೆ? ತಿಳಿದವರು ಹೇಳಿ.

ದೂರದ ಓದುಗ

ಮೇಯರ್ ಇಲ್ಲದ ಊರು ಅಂತ ಇದೇ ಮೊದಲು ಕೇಳುತ್ತಿರುವುದು. ಹಾಗಾದರೆ ರಸ್ತೆಯಲ್ಲಿ ಗುಂಡಿ ಬಿದ್ದರೆ ಯಾರನ್ನು ಕೇಳುತ್ತೀರಿ? ಮತ್ತೆ ಆ ಐದು ಜನ ಯಾರು, ಹೇಗೆ ಬಂದರು?

ಮರಳದಾರಿ

ಗುಂಡಿಗೆ ಕೌಂಟಿಗೆ ಫೋನ್ ಮಾಡಬೇಕು ಸಾರ್, ಆಮೇಲೆ ಕಾಯಬೇಕು. ಕೌಂಟಿಯನ್ನು ನಡೆಸುವ ಐದು ಮೇಲ್ವಿಚಾರಕರಲ್ಲಿ ಒಬ್ಬರು ನಮ್ಮ ಭಾಗಕ್ಕೆ. ಆದರೆ ಅವರ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಜನ, ನಾವು ಕೆಲವು ಸಾವಿರ.

ನೀರಿನ ಮಂಡಳಿಯ ಐವರು ಇಲ್ಲಿಯವರೇ. ಆದರೆ ಹೋದ ಸಲ ವೋಟಿಂಗೇ ಆಗಲಿಲ್ಲ. ಖಾಲಿ ಇದ್ದಷ್ಟೇ ಜನ ಅರ್ಜಿ ಹಾಕಿದ್ದರು. ಹಾಗಾದಾಗ ಮತಪತ್ರದಲ್ಲಿ ಆ ಸ್ಥಾನವೇ ಇರುವುದಿಲ್ಲ, ಕೌಂಟಿ ಅವರನ್ನೇ ನೇಮಿಸಿಬಿಡುತ್ತದೆ. ಕಾನೂನೇ ಹಾಗಿದೆ. ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ, ಅಷ್ಟೇ.

ಲೆಕ್ಕದವಳು

ನಾನು ಬೇರೆ ಊರಿನ ನೀರಿನ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ, ಈಗ ನಿವೃತ್ತಿ. ಅಜ್ಜಿಯ ಪ್ರಶ್ನೆ ಓದಿ ಹೊಟ್ಟೆ ಚುರುಕ್ ಅಂತು. ಇದೇ ಪ್ರಶ್ನೆಯನ್ನು ನನ್ನ ಕಿಟಕಿಯಲ್ಲೂ ಎಷ್ಟೋ ಜನ ಕೇಳಿದ್ದರು.

ನೀರಿನ ಸಂಸ್ಥೆಯ ಖರ್ಚಿನಲ್ಲಿ ಹೆಚ್ಚಿನ ಪಾಲು ಕೊಳವೆ, ಪಂಪು, ಟ್ಯಾಂಕು, ಸಿಬ್ಬಂದಿ, ಸಾಲದ ಕಂತು. ನೀವು ಒಂದು ಕೊಡ ಬಳಸಿದರೂ ಹತ್ತು ಕೊಡ ಬಳಸಿದರೂ ಅದು ಅಷ್ಟೇ. ಕಮ್ಮಿಯಾಗುವುದು ಪಂಪಿನ ಕರೆಂಟು, ಶುದ್ಧೀಕರಣದ ಔಷಧಿ, ಇಂಥವು ಮಾತ್ರ. ಊರೆಲ್ಲ ಉಳಿಸಿತು ಅಂದರೆ ಮಾರಾಟ ಇಳಿಯಿತು, ಖರ್ಚು ಅಲ್ಲೇ ನಿಂತಿತು. ಆಗ ಉಳಿದ ಒಂದೊಂದು ಕೊಡದ ಮೇಲೂ ಜಾಸ್ತಿ ಹೇರಬೇಕಾಗುತ್ತದೆ. ಅಂತರ್ಜಲ ಕೆಳಗೆ ಹೋದಷ್ಟೂ ಎತ್ತುವ ಖರ್ಚೂ ಏರುತ್ತದೆ. ಮರುಭೂಮಿಯ ಚಿಕ್ಕ ಊರಿಗೆ ಇದು ಎರಡು ಪಟ್ಟು ಕಷ್ಟ. ಮನೆ ಕಮ್ಮಿ, ಪೈಪು ಉದ್ದ.

"ಹಾಗಾದರೆ ದಂಡಿಯಾಗಿ ಸುರಿಯುವವರ ಮೇಲೆ ಹಾಕಿ" ಅನ್ನಬಹುದು. ಮನಸ್ಸಿಗೆ ಬಂದ ಹಾಗೆ ಹಾಕಲು ಆಗುವುದಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಾಪೊಸಿಷನ್ 218 ಅಂತ ಒಪ್ಪಿ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಸೇವೆ ಕೊಡಲು ತಗಲುವ ಖರ್ಚಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. 2015ರಲ್ಲಿ ಸ್ಯಾನ್ ವಾನ್ ಕಾಪಿಸ್ಟ್ರಾನೊ ಊರಿನ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೇ ಎತ್ತಿ ಹಿಡಿಯಿತು. ಹೆಚ್ಚು ಬಳಸುವವರಿಗೆ ಹೆಚ್ಚು ದರ ಇಡಬಹುದು, ಆದರೆ ಆ ದರಕ್ಕೂ ನಿಜವಾದ ಖರ್ಚಿಗೂ ಸಂಬಂಧ ತೋರಿಸಬೇಕು.

ಇನ್ನು ಆಕ್ಷೇಪದ ವಿಷಯ. ಕಾಗದ ಕಳಿಸಿ 45 ದಿನ ಆಗುವ ಮೊದಲು ಅಹವಾಲು ಸಭೆ ನಡೆಸುವಂತಿಲ್ಲ. ಆ ಸಭೆ ಮುಗಿಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಜಾಗಗಳಿಂದ, ಅಂದರೆ ಮನೆ-ನಿವೇಶನಗಳಿಂದ, ಬರಹದಲ್ಲಿ ಆಕ್ಷೇಪ ಬಂದರೆ ದರ ಬಿದ್ದುಹೋಗುತ್ತದೆ. ಒಂದು ಜಾಗಕ್ಕೆ ಒಂದೇ ಆಕ್ಷೇಪ. ಸುಮ್ನೆ ಸಭೆಯಲ್ಲಿ ಎದ್ದು ನಿಂತು ಬೈದರೆ ಅದು ಎಣಿಕೆಗೆ ಬರುವುದಿಲ್ಲ. ಕಾಗದದ ಮೇಲೆ ಬರೆದು, ಜಾಗದ ನಂಬರ್ ಅಥವಾ ವಿಳಾಸ ಹಾಕಿ, ಸಹಿ ಮಾಡಿ ಕೊಡಿ. ಅಜ್ಜಿಗೆ ಇನ್ನೂ ದಿನ ಇದ್ದರೆ ಇವತ್ತೇ ಬರೆಸಿ. ಬಹಳ ಜನರಿಗೆ ತಿಳಿಯದ ಇನ್ನೊಂದು ಮಾತು: ಬಾಡಿಗೆಯವರಾದರೂ ನೀರಿನ ಬಿಲ್ಲು ನೇರ ನಿಮ್ಮ ಹೆಸರಲ್ಲಿ ಬರುತ್ತಿದ್ದರೆ ನೀವೂ ಆಕ್ಷೇಪ ಕೊಡಬಹುದು.

ದರ ಹೇಗೆ ಲೆಕ್ಕ ಹಾಕಿದರು ಅನ್ನುವ ವರದಿ ಇರುತ್ತದೆ. ಅದನ್ನು ಕೇಳಿ ಪಡೆಯಿರಿ, ಅದು ಸಾರ್ವಜನಿಕ ದಾಖಲೆ. ಅದರಲ್ಲಿ ಬಳಕೆ ಎಷ್ಟು ಅಂತ ಊಹಿಸಿದ್ದಾರೆ, ತಿಂಗಳ ಖಾಯಂ ಶುಲ್ಕ ಎಷ್ಟು ಪಾಲು ಅಂತ ನೋಡಿ. ಖಾಯಂ ಶುಲ್ಕ ದೊಡ್ಡದಾದಷ್ಟೂ ಅಜ್ಜಿಯಂಥವರು ಎಷ್ಟು ಉಳಿಸಿದರೂ ಬಿಲ್ಲು ಇಳಿಯುವುದಿಲ್ಲ. ನಿಮ್ಮ ಮೂರು ನಿಮಿಷವನ್ನು ಆ ಒಂದು ಅಂಕಿಗೆ ಇಡಿ.

ಮರಳದಾರಿ

ಅಕ್ಕ, ಇಷ್ಟನ್ನು ಬಿಡಿಸಿ ಹೇಳಿದವರು ನೀವೇ ಮೊದಲು. ದಿನ ಇನ್ನೂ ಇದೆ. ಬಿಲ್ಲು ನನ್ನ ಹೆಸರಲ್ಲೇ ಬರುತ್ತದೆ. ನನಗೆ ಇನ್ನೂ ಪೌರತ್ವ ಸಿಕ್ಕಿಲ್ಲ, ವೋಟಿಲ್ಲ. ನನ್ನ ಮಾತಿಗೆ ಇಲ್ಲಿ ಕಾಗದದ ಮೇಲೆ ಬೆಲೆಯೇ ಇಲ್ಲ ಅಂದುಕೊಂಡಿದ್ದೆ.

ಲೆಕ್ಕದವಳು

ಬಿಲ್ಲು ಕಟ್ಟುವವರ ಹಕ್ಕು ಅದು, ವೋಟಿನ ಲೆಕ್ಕವೇ ಬೇರೆ. ಧೈರ್ಯವಾಗಿ ಬರೆಯಿರಿ. ಜೋಶುವಾ ಟ್ರೀ ಅನ್ನುವ ಊರಿನ ಉತ್ತರಕ್ಕೆ ಬಿಗ್‌ಹಾರ್ನ್–ಡೆಸರ್ಟ್ ವ್ಯೂ ಅನ್ನುವ ಚಿಕ್ಕ ನೀರಿನ ಸಂಸ್ಥೆ ಇದೆ, ನಿಮ್ಮಂಥದೇ ಮರುಭೂಮಿ. ಅಲ್ಲಿಯ ಜಗಳ ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2006ರಲ್ಲಿ ತೀರ್ಪು ಬಂತು. ಮೀಟರ್ ಮೇಲಿನ ನೀರಿನ ದರಕ್ಕೂ 218 ಅನ್ವಯಿಸುತ್ತದೆ ಅಂತ. ಇಡೀ ರಾಜ್ಯ ಈಗ ಆ ತೀರ್ಪಿನ ಮೇಲೆ ನಡೆಯುತ್ತಿದೆ. ಚಿಕ್ಕ ಊರು ಅಂತ ಕುಗ್ಗಬೇಡಿ.

ಕಪ್ಪುಬಾನು

ನಾನಿರುವುದು ಬೊರೆಗೊ ಸ್ಪ್ರಿಂಗ್ಸ್‌ನಲ್ಲಿ. ಸುತ್ತ 6 ಲಕ್ಷ ಎಕರೆಗೂ ಮೀರಿದ ಆನ್ಜಾ-ಬೊರೆಗೊ ರಾಜ್ಯ ಉದ್ಯಾನ, ನಡುವೆ ಸುಮಾರು 3,000 ಜನರ ಊರು. ಒಂದು ಟ್ರಾಫಿಕ್ ಸಿಗ್ನಲ್ ಕೂಡ ಇಲ್ಲ. ರಾತ್ರಿ ದೀಪ ಮಂಕು ಮಾಡಿ ಆಕಾಶ ಉಳಿಸಿಕೊಂಡಿದ್ದೇವೆ, ಅದಕ್ಕೆ 2009ರಲ್ಲಿ ಅಂತರರಾಷ್ಟ್ರೀಯ ಮನ್ನಣೆಯೂ ಬಂತು. ಆಕಾಶದ ವಿಷಯದಲ್ಲಿ ಒಟ್ಟಾದ ಹಾಗೆ ನೀರಿನ ವಿಷಯದಲ್ಲಿ ಒಟ್ಟಾಗಲು ನಮಗೆ ಬಹಳ ಕಾಲ ಹಿಡಿಯಿತು.

ನಮಗೆ ಹೊರಗಿನಿಂದ ಒಂದು ಹನಿ ನೀರು ಬರುವುದಿಲ್ಲ. ಕಾಲುವೆ ಇಲ್ಲ, ಪೈಪ್‌ಲೈನ್ ಇಲ್ಲ. ಇರುವುದೆಲ್ಲ ಕಾಲ ಕೆಳಗೆ. ತಜ್ಞರ ಲೆಕ್ಕದಲ್ಲಿ ವರ್ಷಕ್ಕೆ 5,700 ಎಕರೆ-ಅಡಿ ತೆಗೆದರೆ ತಡೆದೀತು ಅಂತ ಇತ್ತು. ತೆಗೆಯುತ್ತಿದ್ದದ್ದು ಹತ್ತಿರ ಹತ್ತಿರ 20,000. ಎಕರೆ-ಅಡಿ ಅಂದರೆ ಒಂದು ಎಕರೆಯಲ್ಲಿ ಒಂದು ಅಡಿ ನಿಂತ ನೀರು, ಸುಮಾರು 12.3 ಲಕ್ಷ ಲೀಟರ್. ಆ ತೆಗೆತದಲ್ಲಿ ಸುಮಾರು 70 ಭಾಗ ತೋಟಗಳದು, 20 ಭಾಗ ಗಾಲ್ಫ್ ಮೈದಾನಗಳದು. ಊರಿನ ಮನೆಗಳದು ಉಳಿದ 10. ಕೆಲವು ಕಡೆ ನೀರಿನ ಮಟ್ಟ 100 ಅಡಿಗೂ ಹೆಚ್ಚು ಇಳಿದಿದೆ. ತಗ್ಗಿನ ಕಡೆ ಮೆಸ್ಕೀಟ್ ಮರಗಳ ಹಳೆಯ ತೋಪು ಇದೆ, ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಬೇರು ಎಷ್ಟು ಆಳಕ್ಕೆ ಹೋದರೂ ಸಾಲದೆ ಎಷ್ಟೋ ಮರ ಒಣಗಿ ನಿಂತಿವೆ. ಕೊಂಬೆ ಮುರಿದರೆ ಹಪ್ಪಳದ ಹಾಗೆ ಪಟ್ ಅನ್ನುತ್ತದೆ.

2014ರಲ್ಲಿ ರಾಜ್ಯ ಅಂತರ್ಜಲದ ಕಾನೂನು ತಂದಿತು, ಸಿಗ್ಮಾ ಅನ್ನುತ್ತಾರೆ. ಬಹಳ ಮಾತುಕತೆ ಆಗಿ ರಾಜಿ ಒಪ್ಪಂದ ಆಯಿತು, 2021ರ ಏಪ್ರಿಲ್‌ನಲ್ಲಿ ಕೋರ್ಟ್ ಅದಕ್ಕೆ ಮುದ್ರೆ ಹಾಕಿತು. 2040ರ ಹೊತ್ತಿಗೆ ತೆಗೆತವನ್ನು ಸುಮಾರು ಮುಕ್ಕಾಲು ಭಾಗ ಇಳಿಸಬೇಕು, ವರ್ಷ ವರ್ಷ ಸ್ವಲ್ಪ ಸ್ವಲ್ಪ ಅಂತ ಆಗ ತೀರ್ಮಾನ ಆಗಿತ್ತು. ಇದು ಆಗಲೇಬೇಕಿತ್ತು, ಆಯಿತು, ಅದರ ಬಗ್ಗೆ ನನಗೆ ಸಮಾಧಾನ ಇದೆ.

ನಿಮ್ಮ ಅಜ್ಜಿಯ ಮಾತು ನನಗೆ ತಾಗಿದ್ದು ಪಾಲು ಹಂಚಿದ ರೀತಿಯಿಂದ. ಯಾರಿಗೆ ಎಷ್ಟು ಅಂತ ಹೇಗೆ ತೀರ್ಮಾನ ಮಾಡಿದರು ಗೊತ್ತಾ? 2010ರಿಂದ 2014ರವರೆಗಿನ ಐದು ವರ್ಷದಲ್ಲಿ ಯಾರು ಯಾವ ವರ್ಷ ಅತಿ ಹೆಚ್ಚು ಎತ್ತಿದರೋ ಆ ಅಂಕಿಯೇ ಅವರ ಮೂಲ ಪಾಲು. ಅಂದರೆ ಜಾಸ್ತಿ ಎತ್ತಿದವರಿಗೆ ಜಾಸ್ತಿ ಪಾಲು. ಆ ಪಾಲನ್ನು ಮಾರಲೂಬಹುದು. ಅದೇ ವರ್ಷಗಳಲ್ಲಿ ಹುಲ್ಲು ಕಿತ್ತು, ನಲ್ಲಿ ಬಿಗಿ ಮಾಡಿ ಉಳಿಸಿದವರ ಉಳಿತಾಯ ಯಾವ ಕಾಗದದಲ್ಲೂ ಬರಲಿಲ್ಲ. ಹೀಗೆ ಲೆಕ್ಕ ಹಾಕದಿದ್ದರೆ ದೊಡ್ಡವರು ಸಹಿ ಹಾಕುತ್ತಿರಲಿಲ್ಲ, ಇನ್ನೂ ಹತ್ತು ವರ್ಷ ಕೋರ್ಟಿನಲ್ಲಿ ಹೋಗುತ್ತಿತ್ತು ಅನ್ನುವುದನ್ನೂ ಒಪ್ಪುತ್ತೇನೆ. ಆದರೂ ಮನಸ್ಸಿಗೆ ಚುಚ್ಚುತ್ತದೆ.

ಈಗ ಈ ಒಪ್ಪಂದವನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಐದು ಕುರ್ಚಿ. ನೀರಿನ ಸಂಸ್ಥೆಗೆ ಒಂದು, ಕೌಂಟಿಗೆ ಒಂದು, ತೋಟದವರಿಗೆ ಒಂದು, ಗಾಲ್ಫ್ ಮುಂತಾದ ಮನರಂಜನೆಗೆ ಒಂದು, ಊರಿನ ಜನರಿಗೆ ಒಂದು.

ಹೊಲದಂಚು

ಕಪ್ಪುಬಾನು ಅವರೇ, ನೀವು ಹೇಳಿದ ಅಂಕಿಗಳಲ್ಲಿ ತಕರಾರಿಲ್ಲ. ಆದರೆ ತೋಟದವರನ್ನು ಕಳ್ಳರ ಹಾಗೆ ನೋಡಬೇಡಿ. ನಾನು ಇದೇ ಮರುಭೂಮಿಯಲ್ಲಿ ನಿಂಬೆ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಬೆಳೆಯುವ ತೋಟಗಳಿಗೆ ಹನಿ ನೀರಾವರಿ ಹಾಕುವ ಕೆಲಸ ಮಾಡಿದವನು. ಅವರು ಬಾವಿ ತೋಡಿದಾಗ ಅದು ಕಾನೂನಿನ ಪ್ರಕಾರವೇ ಇತ್ತು. ನೆಲ ನಿಮ್ಮದು, ಕೆಳಗಿನ ನೀರು ಎತ್ತಿ ಬಳಸಿ ಅಂತಲೇ ಎಲ್ಲರೂ ಹೇಳಿದ್ದು.

ಯಾರೂ ಹೇಳದ ಮಾತು ಒಂದಿದೆ. ತೋಟ ನಿಲ್ಲಿಸಿದರೆ ಮಾಲೀಕನಿಗೆ ಮಾರಲು ನೀರಿನ ಪಾಲಾದರೂ ಇದೆ. ಬೆಳಿಗ್ಗೆ 5ಕ್ಕೆ ಏಣಿ ಹೊತ್ತು ಬರುವ ಕೂಲಿಯವರಿಗೆ ಏನಿದೆ? ಅವರಿಗೆ ಆ ಐದು ಕುರ್ಚಿಯಲ್ಲಿ ಯಾವುದು? ಅವರ ಮಕ್ಕಳೇ ಊರಿನ ಶಾಲೆ ತುಂಬಿರುವುದು. ಅವರು ಊರು ಬಿಟ್ಟರೆ ಶಾಲೆಗೆ ಬರುವ ದುಡ್ಡೂ ಇಳಿಯುತ್ತದೆ, ಮಕ್ಕಳ ಲೆಕ್ಕದ ಮೇಲೆ ತಾನೇ ಕೊಡುವುದು.

ಇನ್ನೊಂದು, ಬೀಳು ಬಿಟ್ಟ ತೋಟದ ಧೂಳು. ಮರ ಕಡಿದು ನೆಲ ಬರಿದು ಬಿಟ್ಟರೆ ವಸಂತದ ಗಾಳಿಗೆ ಊರೇ ಕಾಣುವುದಿಲ್ಲ. ಒಂದು ಸಲ ಕಾರಿನ ಕಿಟಕಿ ಮುಚ್ಚಿದ್ದರೂ ಹಲ್ಲಿನ ಮಧ್ಯೆ ಮಣ್ಣು ಕರಕರ ಅಂತಿತ್ತು. ತೋಟ ನಿಲ್ಲಿಸಿ ಅನ್ನುವವರು ಆ ನೆಲಕ್ಕೆ ಏನು ಹೊದಿಸುತ್ತೀರಿ ಅಂತಲೂ ಹೇಳಬೇಕು. ಓವೆನ್ಸ್ ಸರೋವರದ ಕಥೆ ಮರೆಯಬೇಡಿ. 1913ರಲ್ಲಿ ಅದಕ್ಕೆ ಬರುತ್ತಿದ್ದ ನದಿಯ ನೀರು ಕಾಲುವೆಯಲ್ಲಿ ಲಾಸ್ ಏಂಜಲೀಸ್‌ಗೆ ಹೋಯಿತು, 1920ರ ದಶಕ ಮುಗಿಯುವ ಮೊದಲೇ ಸರೋವರ ಒಣಗಿತು, ಆ ಧೂಳು ಹಿಡಿದಿಡಲು ಇವತ್ತಿಗೂ ದುಡ್ಡು ಸುರಿಯುತ್ತಿದ್ದಾರೆ.

ಕಪ್ಪುಬಾನು

ನೀವು ಹೇಳಿದ್ದು ಸರಿ ಅಣ್ಣ. ಕೂಲಿಯವರ ಮಾತು ನಾನು ಬರೆಯಬೇಕಿತ್ತು, ಬಿಟ್ಟುಹೋಯಿತು. ನನ್ನ ಮಗಳ ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಆ ಮನೆಗಳವರೇ. ಸಭೆಗಳಲ್ಲಿ ಅವರ ಅಪ್ಪ-ಅಮ್ಮಂದಿರನ್ನು ನಾನು ನೋಡಿದ್ದೇ ಕಮ್ಮಿ. ಕೆಲಸದ ಹೊತ್ತಿಗೆ ಸಭೆ ಇಟ್ಟರೆ ಹೇಗೆ ಬಂದಾರು.

ಒಣಕೆರೆ

ರಿಡ್ಜ್‌ಕ್ರೆಸ್ಟ್‌ನಿಂದ ಬರೆಯುತ್ತಿದ್ದೇನೆ. ನಮ್ಮದು ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿ, ಪಕ್ಕದಲ್ಲೇ ಚೈನಾ ಲೇಕ್ ನೌಕಾಪಡೆಯ ದೊಡ್ಡ ನೆಲೆ. 2019ರ ಜುಲೈ 4 ಮತ್ತು 5ರ ಭೂಕಂಪ ಇಲ್ಲಿಯೇ ಆಗಿದ್ದು, ಎರಡನೆಯದು 7.1. ಆವತ್ತು ಪಕ್ಕದ ಟ್ರೋನಾದಲ್ಲಿ ನೀರಿನ ಪೈಪುಗಳೇ ಒಡೆದು ಹೋಗಿದ್ದವು, ಜನ ಬಾಟಲಿಗೆ ಸಾಲು ನಿಂತಿದ್ದರು. ಆಗ ಇಡೀ ಊರು ಒಂದು ಮನೆಯ ಹಾಗಿತ್ತು.

ಮುಂದಿನ ವರ್ಷವೇ ನೀರಿನ ಜಗಳ ಶುರು. 2020ರ ಆಗಸ್ಟ್‌ನಲ್ಲಿ ನಮ್ಮ ಕಣಿವೆಯ ಅಂತರ್ಜಲ ಪ್ರಾಧಿಕಾರ, ಪಾಲಿಗಿಂತ ಹೆಚ್ಚು ಎತ್ತುವವರಿಗೆ ಎಕರೆ-ಅಡಿಗೆ 2,130 ಡಾಲರ್ ಅಂತ ಶುಲ್ಕ ಹಾಕಿತು. ಹೊರಗಿನಿಂದ ನೀರು ಕೊಂಡು ತರಲು ಅಂತ. ಮೊಕದ್ದಮೆಗಳು ಬಂದವು. ಅವತ್ತಿನಿಂದ ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವ ಮನೆಗಳಿವೆ. ಭೂಕಂಪದ ಹೊತ್ತಿಗೆ ನೀರಿನ ಬಾಟಲಿಗೆ ಒಂದೇ ಸಾಲಿನಲ್ಲಿ ನಿಂತಿದ್ದವರು. ನನಗೆ ದರಕ್ಕಿಂತ ಅದೇ ಜಾಸ್ತಿ ನೋವು.

ಮರಳದಾರಿ ಅವರೇ, ನಿಮ್ಮ ಊರಲ್ಲಿ ಇನ್ನೂ ಆ ಮಟ್ಟಕ್ಕೆ ಹೋಗಿಲ್ಲ. ಮಂಡಳಿಯವರನ್ನು ಶತ್ರು ಅಂತ ನೋಡಬೇಡಿ. ಸಭೆಗೆ ಮೊದಲು ಒಬ್ಬರ ಜೊತೆಯಾದರೂ ಕೂತು ಮಾತಾಡಿ.

ಪಡುವಣಗಾಳಿ

ನಿಮಗೆಲ್ಲ ಜಗಳ ಆಡಲು ಒಂದು ನಿಯಮವಾದರೂ ಇದೆ. ನಾನು ಅರಿಜೋನಾದ ಹಳ್ಳಿಗಾಡಿನಲ್ಲಿದ್ದೇನೆ. ಇಲ್ಲಿ 1980ರ ಅಂತರ್ಜಲ ಕಾನೂನು ಗುರುತು ಮಾಡಿದ ಕೆಲವು ಪ್ರದೇಶಗಳಿಗೆ ಮಾತ್ರ. ಅದರ ಹೊರಗೆ ಎಷ್ಟು ಆಳ ಕೊರೆದು ಎಷ್ಟು ಎತ್ತಿದರೂ ಕೇಳುವವರಿಲ್ಲ. ಬಟ್ಲರ್ ಕಣಿವೆಯಲ್ಲಿ ಸರ್ಕಾರದ್ದೇ ನೆಲವನ್ನು ಗುತ್ತಿಗೆ ಹಿಡಿದು, ಸೌದಿ ಮೂಲದ ಕಂಪನಿ ದನದ ಮೇವಿಗೆ ಕುದುರೆಮೆಂತೆ ಬೆಳೆಯುತ್ತಿತ್ತು. ನೀರಿಗೆ ಬೇರೆ ದುಡ್ಡಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಗವರ್ನರ್ ಅಲ್ಲಿಯ ಗುತ್ತಿಗೆ ನಿಲ್ಲಿಸಿದರು. ಊರಿನವರು ಅದಕ್ಕೆ ಎಷ್ಟು ವರ್ಷದಿಂದ ಕೂಗುತ್ತಿದ್ದರು.

2022ರ ನವೆಂಬರ್‌ನಲ್ಲಿ ಡಗ್ಲಸ್ ಭಾಗದ ಜನ ತಾವೇ ಸಹಿ ಸಂಗ್ರಹಿಸಿ, ವೋಟು ಹಾಕಿ, ನಮಗೆ ನಿಯಮ ಬೇಕು ಅಂತ ತಂದುಕೊಂಡರು. ಅದೇ ದಿನ ಪಕ್ಕದ ವಿಲ್‌ಕಾಕ್ಸ್‌ನಲ್ಲಿ ಬೇಡ ಅಂದರು. ಆಮೇಲೆ 2024ರ ಡಿಸೆಂಬರ್‌ನಲ್ಲಿ ರಾಜ್ಯವೇ ಅಲ್ಲಿಗೂ ನಿಯಮ ತಂದಿತು. ಬೇಡ ಅಂದವರೆಲ್ಲ ದೊಡ್ಡ ರೈತರಲ್ಲ. ಒಂದು ಬಾವಿ ಇಟ್ಟುಕೊಂಡ ಚಿಕ್ಕ ಮನೆಯವರೂ ಹೆದರಿದ್ದರು, ನಾಳೆ ನಮ್ಮ ಬಾವಿಗೂ ಮೀಟರ್ ಕೂರಿಸುತ್ತಾರೆ ಅಂತ. ಅವರ ಮನೆಗೆ ಹೋಗಿ, ಮನೆಬಳಕೆಯ ಚಿಕ್ಕ ಬಾವಿಗೆ ಹಾಗಾಗುವುದಿಲ್ಲ ಅಂತ ಕೂತು ಹೇಳಿದವರು ಕಮ್ಮಿ.

ದೂರದ ಓದುಗ

ಓದುತ್ತಾ ಓದುತ್ತಾ ಒಂದು ಅನಿಸಿತು. ಅಜ್ಜಿಯದೂ ಬೊರೆಗೊದೂ ಒಂದೇ ಪ್ರಶ್ನೆ ಅಲ್ವಾ? ಉಳಿಸಿದ್ದು ಎಲ್ಲೂ ಬರೆದಿಟ್ಟಿಲ್ಲ. ನಿಯಮ ಬರೆಯುವ ದಿನ ಅಜ್ಜಿಯ ಆ ಬಿಲ್ಲಿನ ಡಬ್ಬಿ ಮೇಜಿನ ಮೇಲೆ ಇದ್ದಿದ್ದರೆ?

ಮರಳದಾರಿ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಎಲ್ಲರಿಗೂ ಧನ್ಯವಾದ.

ಲೆಕ್ಕದವಳು ಅಕ್ಕ ಹೇಳಿದ ವರದಿ ಕೇಳಿದೆ, ಕೊಟ್ಟರು. 60 ಪುಟಕ್ಕೂ ಜಾಸ್ತಿ ಇದೆ. ರಾತ್ರಿ ಊಟ ಆದ ಮೇಲೆ ಅಜ್ಜಿಯ ಮನೆಯಲ್ಲಿ ಕೂತು ಓದಿದೆವು. ಅವರು ಭೂತಗನ್ನಡಿ ಹಿಡಿದು ಬೆರಳಿಟ್ಟು ಒಂದೊಂದು ಸಾಲು ನೋಡಿದರು. ಹೊಸ ದರದಲ್ಲಿ ತಿಂಗಳ ಖಾಯಂ ಶುಲ್ಕವೇ ಅವರ ಬಿಲ್ಲಿನಲ್ಲಿ ಅರ್ಧ ದಾಟುತ್ತದೆ. ಅವರು ಇನ್ನು ಬಕೆಟ್ ಹಿಡಿಯದಿದ್ದರೂ ಬಿಲ್ಲಿಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಅದನ್ನು ನಾನು ಹೇಳಲಿಲ್ಲ, ಅವರೇ ಕಂಡುಹಿಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆದರೂ ನೀರು ಸುಮ್ನೆ ಹರಿಯೋದನ್ನ ನನಗೆ ನೋಡೋಕೆ ಆಗಲ್ಲ" ಅಂದರು.

ಬೇಡ ಅನ್ನುವುದಕ್ಕಿಂತ, ಖಾಯಂ ಶುಲ್ಕದ ಪಾಲು ಇಳಿಸಿ ಮತ್ತೆ ಲೆಕ್ಕ ಹಾಕಿ ಅಂತ ಕೇಳೋಣ ಅಂದುಕೊಂಡಿದ್ದೇವೆ. ಹಳೆ ಪೈಪು ಬದಲಿಸಲು ದುಡ್ಡು ಬೇಕು ಅನ್ನುವುದು ನಮಗೂ ಗೊತ್ತು. ಒಣಕೆರೆ ಅವರ ಮಾತು ಕೇಳಿ ಮಂಡಳಿಯ ಒಬ್ಬ ಸದಸ್ಯರ ಜೊತೆ ಕಾಫಿಗೆ ಕೂತೆ. ಅವರಿಗೂ ಬೇಸರವೇ. ಈ ಕಡೆ ಕೂತು ಕೇಳುವವರು ಇಷ್ಟು ವರ್ಷ ಇರಲೇ ಇಲ್ಲ ಅಂದರು. ಸಂಜೆ ಸಭೆ ಇಡಿ ಅಂತ ಕೇಳಿದ್ದೇನೆ. ಕಾರ್ಯಸೂಚಿಯಲ್ಲಿ ಬರದೆ ಅದನ್ನು ತೀರ್ಮಾನ ಮಾಡುವಂತಿಲ್ಲ, 72 ಗಂಟೆ ಮುಂಚೆ ಅಂಟಿಸಬೇಕು, ಮುಂದಿನ ಪಟ್ಟಿಗೆ ಸೇರಿಸುತ್ತೇನೆ ಅಂದಿದ್ದಾರೆ.

ಹೊಲದಂಚು ಅಣ್ಣ ಹೇಳಿದ ಮೇಲೆ ತೋಟದ ಕಡೆಯ ಬಾಡಿಗೆ ಮನೆಗಳಿಗೂ ಹೋದೆ, ಸ್ಪ್ಯಾನಿಷ್ ಬರುವ ಗೆಳತಿಯನ್ನು ಕರೆದುಕೊಂಡು. ಬಾಡಿಗೆಯವರೂ ಬರೆಯಬಹುದು ಅಂತ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇವತ್ತಿಗೆ 41 ಕಾಗದ ಆಗಿದೆ. ಅರ್ಧದ ಹತ್ತಿರವೂ ಇಲ್ಲ, ದರ ಬೀಳುವುದಿಲ್ಲ. ಆದರೆ ಹೋದ ಸಲ ಬಂದಿದ್ದು ಎಷ್ಟು ಅಂತ ಕೇಳಿದೆ. ಮೂರು.

ಊರಿನ ನಿವೃತ್ತ ಮೇಷ್ಟ್ರೊಬ್ಬರು ಮುಂದಿನ ಚುನಾವಣೆಗೆ ಅರ್ಜಿ ಹಾಕುತ್ತೇನೆ ಅಂತ ಒಪ್ಪಿದ್ದಾರೆ. ಜುಲೈ ಮಧ್ಯದಿಂದ ಆಗಸ್ಟ್ ಮೊದಲ ವಾರಗಳೊಳಗೆ ಹಾಕಬೇಕು. ಖಾಲಿ ಸ್ಥಾನಗಳಿಗಿಂತ ಒಬ್ಬರು ಜಾಸ್ತಿ ಇದ್ದರೂ ಸಾಕು, ಈ ಸಲ ವೋಟಿಂಗ್ ಆಗುತ್ತದೆ.

ಅಹವಾಲು ಸಭೆ ಬರುವ ಮಂಗಳವಾರ ಬೆಳಿಗ್ಗೆ 9ಕ್ಕೆ. ಅಜ್ಜಿಯನ್ನು ಎಂಟೂವರೆಗೆ ಕರೆದುಕೊಂಡು ಹೊರಡುತ್ತೇನೆ. ಬೂಟಿನ ಡಬ್ಬಿಗೆ ಹೊಸ ರಬ್ಬರ್ ಬ್ಯಾಂಡ್ ಹಾಕಿ ಬಾಗಿಲ ಪಕ್ಕದಲ್ಲಿ ಇಟ್ಟಿದ್ದಾರೆ.